ತರಕಾರಿ ಗಾಡಿ ಬರುವ ದಾರಿ

ನನಗೆ ಮರೆವು ಜಾಸ್ತಿ. ಸಿಟ್ಟನ್ನು ಮಾತ್ರ ಉಪ್ಪಿನಕಾಯಿಯ ಹಾಗೆ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ಅಧಿಕಾರಿ ಇವತ್ತಿಗೂ ಆ ಜಾಡಿಯಲ್ಲಿದ್ದಾನೆ.

ಎಪ್ಪತ್ತರ ದಶಕದ ಕೊನೆ. ಶ್ರೀನಿವಾಸಪುರದ ಹತ್ತಿರವಿದ್ದ ನಮ್ಮ ತೋಟದ ಬಾದಾಮಿ ಮಾವು ಆ ಹೋಟೆಲಿಗೆ ಹೋಗುತ್ತಿತ್ತು. ಹಣ್ಣು ಆರಿಸಲು ಬರುತ್ತಿದ್ದ ಅಧಿಕಾರಿ ಒಮ್ಮೆ ಅಪ್ಪನನ್ನು ಹೋಟೆಲಿಗೆ ಊಟಕ್ಕೆ ಕರೆದ. ಮರದಿಂದ ಬಿದ್ದು ಒಂದು ಕಾಲು ಕಳೆದುಕೊಂಡಿದ್ದ ಅಪ್ಪ ಊರುಗೋಲಿನಲ್ಲೇ ಇಡೀ ತೋಟ ಸುತ್ತುತ್ತಿದ್ದರು. ಅಂಥ ಜಾಗಕ್ಕೆ ಸವೆದ ಕೋಲು ಬೇಡವೆಂದು ಕಮ್ಮಾರನಿಂದ ಅದರ ತುದಿಗೆ ಹೊಸ ಕಬ್ಬಿಣದ ಬಳೆ ಹಾಕಿಸಿದರು. ನಮ್ಮ ಗರಸು ನೆಲದಲ್ಲಿ ಕಚ್ಚಿ ನಿಲ್ಲುವ ಕಬ್ಬಿಣ ಹೋಟೆಲಿನ ಅಮೃತಶಿಲೆಯ ಮೆಟ್ಟಿಲ ಮೇಲೆ ಜಾರಿತು. ಹಿಡಿಯಲು ಒಂದು ಕಂಬಿಯೂ ಇರಲಿಲ್ಲ. ಅಪ್ಪ ಎರಡನೇ ಮೆಟ್ಟಿಲಲ್ಲೇ ಬಿದ್ದರು.

ಅಧಿಕಾರಿ ಓಡಿ ಬಂದ. ಅಪ್ಪನನ್ನು ಎತ್ತಿದವಳು ಜೊತೆಗೆ ಹೋಗಿದ್ದ ನಾನು. ಅವನು ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡುತ್ತಿದ್ದ.

"ಹಿಂದ್ಗಡೆ ಇಳಿಜಾರಿದೆ, ತರಕಾರಿ ಗಾಡಿ ಬರೋ ದಾರಿ. ಅಲ್ಲಿಂದ ಕರ್ಕೊಂಡ್ ಬಾಮ್ಮ," ಎಂದ.

ಆ ದಾರಿ ಅಡುಗೆಮನೆಗೆ ಮುಗಿಯಿತು. ಊಟದ ಹಾಲಿಗೆ ಹೋಗಲು ಮತ್ತೆ ಮೆಟ್ಟಿಲು. ಕೊನೆಗೆ ಈರುಳ್ಳಿ ಮೂಟೆಗಳ ಪಕ್ಕ ಒಂದು ಸ್ಟೂಲು ಹಾಕಿ ಅಪ್ಪನಿಗೆ ಬಡಿಸಿದರು. ಇಸ್ತ್ರಿ ಮಾಡಿದ ಪಂಚೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡರು. ವಾಪಸ್ ಬರುವಾಗ ಕೋಲಾರ ದಾಟಿದೆವು. ಆಗ ಅಪ್ಪ, "ಅಮ್ಮಂಗೆ ಹೇಳ್ಬೇಡ," ಎಂದರು.

ಮುಂದಿನ ಬೇಸಿಗೆಯಲ್ಲಿ ಆ ಅಧಿಕಾರಿ ಫಳಫಳ ಹೊಳೆಯುವ ಬೂಟು ಹಾಕಿಕೊಂಡು ಬಂದ. ಕಾಯಿ ಮಾಗಿಸುವ ಕೋಣೆಗೆ ನಮ್ಮಲ್ಲಿ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಹುಲ್ಲಿನ ಮೇಲೆ ಹರಡಿದ ಹಣ್ಣು ನಮಗೆ ಲಕ್ಷ್ಮಿ. ಎಲ್ಲರೂ ಕೋಣೆಯ ಬಾಗಿಲಲ್ಲಿ ಬಿಡುತ್ತಾರೆ. ನಾನು ಅವನ ಬೂಟನ್ನು ತೋಟದ ಗೇಟಿನಲ್ಲೇ ಬಿಚ್ಚಿಸಿದೆ.

"ಹೋದ್ ವರ್ಷ ಬಾಗ್ಲಲ್ಲಿ ಬಿಟ್ಟಿದ್ನಲ್ಲಮ್ಮ?"

"ಈ ವರ್ಷದಿಂದ ಇಲ್ಲೇ ಸಾರ್."

ಮಟಮಟ ಮಧ್ಯಾಹ್ನ. ಕಾದ ಗರಸು, ಜೊತೆಗೆ ಜಾಲಿಮುಳ್ಳು. ಅರ್ಧ ದಾರಿಗೆ ಅವನು ಕುಣಿಯತೊಡಗಿದ. ನನಗಾದ ಖುಷಿಯನ್ನು ಯಾಕೆ ಮುಚ್ಚಿಡಲಿ?

"ಬೇರೆ ದಾರಿ ಇಲ್ವೇನಮ್ಮ?"

"ಹಿಂದ್ಗಡೆ ಇದೆ ಸಾರ್. ಗೊಬ್ಬರದ ಗಾಡಿ ಬರೋ ದಾರಿ."

ಅವನು ನನ್ನ ಮುಖ ನೋಡಿದ. ಅರ್ಥವಾಗಿತ್ತು. ಆ ದಾರಿಯಲ್ಲೇ, ಸಗಣಿ ತುಳಿದುಕೊಂಡು ಬಂದ.

ಕೋಣೆಯ ಮುಂದೆ ಮಂಚದ ಮೇಲೆ ಕೂತಿದ್ದ ಅಪ್ಪ ಎಲ್ಲವನ್ನೂ ನೋಡಿದ್ದರು. ಕಾಲಿಗೆ ನೀರು ಕೊಡಿಸಿದರು, ಹಣ್ಣು ಕೊಯ್ದು ಕೊಟ್ಟರು, ಮರ್ಯಾದೆಯಿಂದಲೇ ಕಳಿಸಿದರು. ಕಾರು ಹೋದ ಮೇಲೆ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆ. ಅಪ್ಪ ಗೇಟಿನ ಕಡೆಗೇ ನೋಡುತ್ತಿದ್ದರು.

"ಆ ಗೇಟನ್ನ ಇನ್ನೊಂದ್ ಸ್ವಲ್ಪ ದೂರ ಇಡ್ಸಿದ್ರೆ ಚೆನ್ನಾಗಿರ್ತಿತ್ತು ಕಣಮ್ಮ," ಎಂದರು.