ಕುಂಕುಮ ಎರಡು, ಕನಕಾಂಬರ ಮೂರು

ಅರವತ್ತೇಳು ವರ್ಷದ ಹೆಂಗಸೊಬ್ಬಳು ಮೊಬೈಲಿನಲ್ಲಿ ಬೆರಳಾಡಿಸಿ ಮೊಟ್ಟಮೊದಲು ತರಿಸಿಕೊಂಡದ್ದು ಏನಿರಬಹುದು, ಹೇಳಿ ನೋಡೋಣ? ಸೀರೆ ಅಂದಿರಿ ತಾನೆ. ಅಲ್ಲ. ಮಂಡಿಗೆ ಹಚ್ಚುವ ಎಣ್ಣೆಯೂ ಅಲ್ಲ. ಅದನ್ನು ನಮ್ಮ ಸೊಸೆ ಕೇಳದೆಯೇ ತಂದಿಟ್ಟಿದ್ದಾಳೆ, ನಾನು ಇನ್ನೂ ಮುಚ್ಚಳ ತೆಗೆದಿಲ್ಲ. ನಾನು ತರಿಸಿದ್ದು ಆಂಪ್ಲಿಫೈಯರ್ ಕಿಟ್ಟು. ಸಣ್ಣ ದನಿಯನ್ನು ದೊಡ್ಡದು ಮಾಡುತ್ತದಲ್ಲ, ಆ ಯಂತ್ರ. ಜೋಡಿಸಿದ ಪೆಟ್ಟಿಗೆಯಲ್ಲ. ತೂತು ತೂತಾದ ಒಂದು ಹಲಗೆ, ಪೊಟ್ಟಣದ ತುಂಬ ಬಿಡಿ ಸಾಮಾನು. ನಾವೇ ಕೂತು ಬೆಸುಗೆ ಹಾಕಿ ಕಟ್ಟಿಕೊಳ್ಳಬೇಕು.

ಟೈಪು ಮಾಡುವುದನ್ನು ಕಲಿಸಿದ್ದು ಮೊಮ್ಮಗಳು. ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಓದುತ್ತಾಳೆ, ರಜೆಗೆ ಬಂದವಳು ಫೋನಿನ ಅಕ್ಷರಗಳನ್ನು ಅವರೆಕಾಳಿನಷ್ಟು ದಪ್ಪ ಮಾಡಿಕೊಟ್ಟು ಹೋದಳು. ಈಗ ಒಂದು ಸಾಲು ಬರೆಯುವಷ್ಟರಲ್ಲಿ ಅನ್ನ ಬೇಯುತ್ತದೆ. ಎರಡನೇ ಸಾಲಿಗೆ ತಳ ಹತ್ತುತ್ತದೆ. ಈ ಬರಹ ಮುಗಿಯುವವರೆಗೆ ನಮ್ಮ ಮನೆಯವರು ಎಷ್ಟು ದಿನ ಸೀದ ಅನ್ನ ತಿಂದರೋ, ಅದನ್ನು ಅವರನ್ನೇ ಕೇಳಿ. ಜೋರಾಗಿ ಕೇಳಿ. ಅವರಿಗೆ ಈಗ ಕಿವಿ ಸ್ವಲ್ಪ ದೂರ.

ಕಿಟ್ಟು ತರಿಸಿದ್ದೂ ಅದಕ್ಕೇ. ಬೆಳಿಗ್ಗೆ ರೇಡಿಯೊ ಒಂದು ಮಾತು ಹೇಳುತ್ತದೆ, ಅದನ್ನು ನಾನು ಅವರ ಕಿವಿಯ ಹತ್ತಿರ ಇನ್ನೊಂದು ಸಲ ಕೂಗುತ್ತೇನೆ. ಕೂಗುವಾಗ ನಡುವೆ ನನ್ನದೂ ಒಂದೆರಡು ಮಾತು ಸೇರಿಕೊಳ್ಳುತ್ತವೆ. ಮೊನ್ನೆ ಒಂದು ದಿನ ಅವರು ತಲೆಯೆತ್ತಿ, "ಏನೇ, ಮಂಡಿ ನೋವಿರೋ ಹೆಂಗಸ್ರು ಚಿಂತಾಮಣಿಗೆ ತಂಗಿ ಮನೆಗೆ ಹೋಗ್ಬರಬೇಕು ಅಂತ ರೇಡಿಯೊದಲ್ಲಿ ಹೇಳಿದ್ನಾ?" ಅಂದರು. ಸಿಕ್ಕಿಬಿದ್ದೆ. ಅವತ್ತೇ ಆರ್ಡರು ಹಾಕಿದೆ.

ಡಬ್ಬಿ ಬಂದ ದಿನ ಅಡುಗೆಮನೆಯಲ್ಲೇ ಬೆಸುಗೆ ಹಾಕುವ ಕರೆಂಟಿನ ಕಡ್ಡಿ ಬಿಸಿ ಮಾಡಿ, ಬೆಸುಗೆಯ ತಂತಿಯನ್ನು ಅದಕ್ಕೆ ಮುಟ್ಟಿಸಿದೆ. ಚುಂಯ್ ಅಂತು. ತಂತಿಯೊಳಗಿನ ರಾಳದ ಹೊಗೆ ಎದ್ದಿತು. ಸಾಂಬ್ರಾಣಿಗೆ ಹತ್ತಿರದ ವಾಸನೆ, ಆದರೆ ದೇವರಿಗಿಂತ ಪಂಪ್‌ಸೆಟ್ಟು ನೆನಪಾಗುವ ವಾಸನೆ. ಹುಳುಮನೆಯಿಂದ ಸೊಸೆ ಓಡಿ ಬಂದಳು.

"ಅತ್ತೆ, ಹುಳ ಮೂರನೇ ಜ್ವರದಲ್ಲಿದಾವೆ. ಈ ಹೊಗೆ ಇಲ್ಲಿ ಬೇಡ. ಎಲ್ಲಾದ್ರೂ ಆಚೆ ಇಟ್ಕೊಳಿ."

ರೇಷ್ಮೆ ಹುಳ ಸಾಕುವವರ ಮನೆಯಲ್ಲಿ ಇದಕ್ಕೆ ಎದುರು ಮಾತಿಲ್ಲ. ಹುಳ ಪೊರೆ ಬಿಡಲು ತಲೆಯೆತ್ತಿ ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ಒಗ್ಗರಣೆಯ ಘಾಟು ಕೂಡ ಆ ಕಡೆ ಸುಳಿಯಬಾರದು. ಇದೇ ಮಾತನ್ನು, ಇದೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಮ್ಮ ಅತ್ತೆ ತಮ್ಮ ಮಗನಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ನಾನಾಗ ಮದುವೆಯಾಗಿ ಬಂದು ಮೂರು ತಿಂಗಳಾಗಿತ್ತು.

ನಮ್ಮೂರು ಸಾದಲಿಯಿಂದ ಸ್ವಲ್ಪ ಒಳಗೆ. ಆ ಕಾಲಕ್ಕೆ ಮನೆಯೂ ಹುಳುಮನೆಯೂ ಒಂದೇ ಸೂರಿನ ಕೆಳಗೆ. ನಮ್ಮ ಮಾವನವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಸಂಜೆಯಾದರೆ ಜಗಲಿಯಲ್ಲಿ ರೇಡಿಯೊ ಮುಂದೆ ಕೂತು, ಪ್ರತಿ ಮಾತಿಗೂ "ಏಮಂಟಾಡು?" ಅನ್ನುತ್ತಿದ್ದರು. ಅವರು ಮಿಕ್ಕ ಎಲ್ಲ ಮಾತೂ ಕನ್ನಡದಲ್ಲಿ ಆಡುತ್ತಿದ್ದರು, ಈ 'ಏನಂತಾನೆ' ಮಾತ್ರ ತೆಲುಗಿನಲ್ಲಿಯೇ ಬರಬೇಕು. ಪಕ್ಕದಲ್ಲಿ ಸೊಪ್ಪು ಹೆಚ್ಚುತ್ತ ಕೂತ ನಮ್ಮ ಅತ್ತೆ ರೇಡಿಯೊದವನ ಮಾತನ್ನು ಮತ್ತೊಂದು ಸಲ ಕೂಗಿ ಹೇಳುತ್ತಿದ್ದರು. ನಾಲ್ಕು ಮನೆಯಾಚೆ ಇದ್ದವರಿಗೆ ರೇಡಿಯೊ ಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಒಂದು ಸಂಜೆ ರೇಡಿಯೊದವನು ಒಳನಾಡಿನಲ್ಲಿ ಅಲ್ಲಲ್ಲಿ ಮಳೆಯಾಗಬಹುದು ಅಂದ.

"ಏಮಂಟಾಡು?"

"ಮಳೆ ಬರ್ತದಂತೆ. ಕೊಟ್ಟಿಗೆ ಹಂಚು ಒಡೆದಿರೋರು ಬೇಗ ಸರಿ ಮಾಡಿಸ್ಕೋಬೇಕಂತೆ."

ಮಾವನವರು ಗಂಭೀರವಾಗಿ ತಲೆಯಾಡಿಸಿದರು. ಹೊಸ ಸೊಸೆ ನಾನು, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದೆ.

ನಮ್ಮ ಮನೆಯವರಿಗೆ ಇದು ಸರಿಬರುತ್ತಿರಲಿಲ್ಲ. "ಅಪ್ಪ ತಾನೇ ಕೇಳಿಸ್ಕೊಬೇಕು" ಅನ್ನುವುದು ಅವರ ಹಟ. ಪಿಯುಸಿವರೆಗೆ ಓದಿ ಬೇಸಾಯಕ್ಕೆ ಬಂದವರು, ಬೆಂಗಳೂರಿಗೆ ರೇಷ್ಮೆಗೂಡು ಸಾಗಿಸುವ ಲಾರಿಯಲ್ಲಿ ಹೋಗಿ ಆಂಪ್ಲಿಫೈಯರ್ ಕಿಟ್ಟು ತಂದಿದ್ದರು. ಮೊದಲ ಸಲ ಕಟ್ಟಿದ್ದು ಹೊಗೆಯಾಡಿತು. ಸುಟ್ಟ ಸಾಮಾನು ಬದಲಾಯಿಸಿ ಎರಡನೇ ಸಲ ಕಟ್ಟಿದರೆ ಕೊಡದೊಳಗೆ ಜೇನು ಹೊಕ್ಕ ಹಾಗೆ ಗುಂಯ್ ಅಂದು ಸುಮ್ಮನಾಯಿತು. ಮೂರನೇ ಸಲಕ್ಕೆ ಕೂರುವಾಗ ಅತ್ತೆ ತೀರ್ಪು ಕೊಟ್ಟರು: "ಈ ಸಲ ಮಾತಾಡ್ಲಿಲ್ಲ ಅಂದ್ರೆ ಡಬ್ಬಿ ಸಮೇತ ಬಾವಿಗೆ ಹಾಕ್ತೀನಿ. ನಿನಗೆ ಯಾವ ಕೆಲಸದ ಮೇಲಪ್ಪ ಗಮನ ಇದೆ? ಹಣ್ಣು ಹುಳ ಆರಿಸು ಅಂದ್ರೆ ಕಾಯಿ ಹುಳ ಆರಿಸ್ತೀಯ. ಟೊಮೇಟೊ ಕೀಳು ಅಂದ್ರೆ ಹಸ್ರು ಕಾಯಿ ಕೀಳ್ತೀಯ."

ಅದು ನಿಜವಾಗಿತ್ತು. ಹುಳ ಗೂಡು ಕಟ್ಟುವ ಹೊತ್ತಿಗೆ ಅದರ ಮೈ ಹಳದಿಗೆ ತಿರುಗುತ್ತದೆ, ಹಣ್ಣಾಯಿತು ಅನ್ನುತ್ತೇವೆ. ಅಂಥವನ್ನೇ ನೋಡಿ ನೋಡಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ತಟ್ಟೆಗೆ, ಬಿಡಬೇಕು. ಮಕ್ಕಳೂ ಮಾಡುವ ಕೆಲಸ. ಇವರು ಆರಿಸಿದರೆ ಅರ್ಧಕ್ಕರ್ಧ ಕಾಯಿ. ಬೈಗುಳ ತಿಂದು ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದರು. ಆ ದಿನವೂ ಡಬ್ಬಿ ಎತ್ತಿಕೊಂಡು ಬಾವಿ ಹತ್ತಿರದ ಪಂಪ್‌ಸೆಟ್ಟಿನ ಮನೆಗೆ ಹೋದರು. ಅಲ್ಲಿ ಕರೆಂಟಿತ್ತು, ಹುಳ ಇರಲಿಲ್ಲ, ಅಮ್ಮನೂ ಇರಲಿಲ್ಲ.

ಮಧ್ಯಾಹ್ನ ಮುದ್ದೆ, ಉಪ್ಸಾರು ತೆಗೆದುಕೊಂಡು ಹೋದವಳು ನಾನು. ಅವರು ಕೈ ತೊಳೆದು ಊಟಕ್ಕೆ ಕೂತರು. ಎದುರಿಗೆ ಮೊರದಲ್ಲಿ ಸಣ್ಣ ಸಣ್ಣ ಸಾಮಾನು ಗುಡ್ಡೆ ಗುಡ್ಡೆಯಾಗಿ ವಿಂಗಡಿಸಿಟ್ಟಿದ್ದರು. ಭತ್ತದ ಕಾಳಿನಂಥವು, ಎರಡು ತುದಿಗೂ ತಂತಿ, ಮೈಮೇಲೆ ಬಣ್ಣದ ಪಟ್ಟೆ. ರೆಸಿಸ್ಟರ್ ಅಂತ ಹೆಸರು. ಒಂದೊಂದು ಬಣ್ಣಕ್ಕೆ ಒಂದೊಂದು ಅಂಕಿಯಂತೆ, ಪಟ್ಟೆ ನೋಡಿಯೇ ಯಾವುದು ಎಲ್ಲಿಗೆ ಅಂತ ತಿಳಿಯಬೇಕಂತೆ.

"ಇವೆರಡು ಬೇರೆ ಬೇರೆ ಅಲ್ವೇನ್ರಿ, ಒಂದೇ ಗುಡ್ಡೆಗೆ ಹಾಕಿದ್ದೀರ?" ಅಂದೆ.

"ಎರಡೂ ಒಂದೇ ಕಣೇ."

"ಇದು ಬೆಲ್ಲದ ಬಣ್ಣ, ಇದು ಸೊಪ್ಪಿನ ಬಣ್ಣ. ಒಂದೇ ಅಂತೀರಲ್ಲ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ನಾನೂ ತಮಾಷೆಗೇ ಎದ್ದು ನಿಂತು ಸೆರಗು ಹರಡಿದೆ. ಹಸಿರು ಸೀರೆ, ಕೆಂಪು ಅಂಚು, ತವರಲ್ಲಿ ನಮ್ಮಮ್ಮ ಕೊಟ್ಟದ್ದು. "ಹಂಗಾದ್ರೆ ಅಂಚು ಎಲ್ಲಿಂದ ಶುರುವಾಗ್ತದೆ, ಬೆರಳಿಟ್ಟು ತೋರಿಸ್ರಿ ನೋಡಣ."

ಅವರು ನೋಡಿದರು. ತುಂಬ ಹೊತ್ತು ನೋಡಿದರು. ತುತ್ತು ಕೈಯಲ್ಲೇ ಉಳಿಯಿತು. ಎಡಗೈ ಬೆರಳು ಇಟ್ಟರು, ಅಂಚು ಅಲ್ಲಿಂದ ಒಂದು ಗೇಣು ಆಚೆ ಇತ್ತು.

ನನ್ನ ನಗು ಅಲ್ಲಿಗೇ ನಿಂತಿತು. ಅವರು ತಟ್ಟೆ ನೋಡುತ್ತ ನಿಧಾನವಾಗಿ ಹೇಳಿದರು: "ಸ್ಕೂಲಲ್ಲಿ ಎಲೆಗೆ ಕೆಂಪು ಬಳಿದೆ ಅಂತ ಮೇಷ್ಟ್ರು ಹೊಡೆದಿದ್ರು. ಅಮ್ಮ ಬೈತಾಳೆ. ನಾನೂ ನನಗೆ ಗಮನ ಸಾಲ್ದು ಅಂತಲೇ ಅಂದ್ಕೊಂಡಿದ್ದೆ. ಇನ್ನೂ ಗಮನ ಇಟ್ಟು ನೋಡಿದ್ರೆ ಕಾಣ್ತದೇನೋ ಅಂತ." ಆಮೇಲೆ ನನ್ನ ಮುಖ ನೋಡಿ, "ನಿಮಗೆಲ್ಲ ಅದು ಸುಮ್ನೆ ಹಂಗೇ ಕಾಣ್ತದಾ?" ಅಂದರು.

ಇದಕ್ಕೊಂದು ಹೆಸರಿದೆ, ಹುಟ್ಟಿನಿಂದ ಬರುವುದು, ನಾಚಿಕೆಪಡುವಂಥದ್ದೇನಲ್ಲ ಅಂತ ನಮಗೆ ತಿಳಿದದ್ದು ಎಷ್ಟೋ ವರ್ಷ ಆದಮೇಲೆ. ಆವತ್ತು ಗೊತ್ತಿದ್ದದ್ದು ಇಷ್ಟೇ: ಅತ್ತೆಗೆ ಗೊತ್ತಾದರೆ ಮಗನನ್ನು ಊರೂರು ದೇವರಿಗೆ ಸುತ್ತಿಸುತ್ತಾರೆ, ಹೋದಲ್ಲೆಲ್ಲ ಆ ದೊಡ್ಡ ದನಿಯಲ್ಲಿ ವಿಷಯ ಹೇಳುತ್ತಾರೆ. ಇವರು ಇನ್ನೂ ಕುಗ್ಗುತ್ತಾರೆ. "ಅತ್ತೆಗೆ ಹೇಳಲ್ಲ ಬಿಡಿ" ಅಂದೆ. ಸುಮ್ಮನೆ ಬಿಟ್ಟೆನೆ? ಇಲ್ಲ. "ಆದ್ರೆ ಆ ಬಿಸಿ ಕಡ್ಡಿ ಹಿಡಿಯೋದು ನನಗೂ ಕಲಿಸ್ಬೇಕು" ಅಂದೆ. ಅವರು ತುತ್ತನ್ನು ಬಾಯಿಗಿಟ್ಟುಕೊಂಡರು.

ಹಾಗೆ ಹತ್ತು ಮಧ್ಯಾಹ್ನ. ಅವರ ಕೈಯಲ್ಲಿದ್ದ ಇಂಗ್ಲಿಷ್ ಹಾಳೆ ನನಗೆ ಬಾರದು, ಮೊರದಲ್ಲಿದ್ದ ಬಣ್ಣ ಅವರಿಗೆ ಕಾಣದು. ಅವರು ಅಂಕಿ ಹೇಳಬೇಕು, ನಾನು ಹುಡುಕಿ ಕೊಡಬೇಕು. ಬಣ್ಣಗಳ ಅಂಕಿ ನೆನಪಿರಲೆಂದು ನನ್ನದೇ ಒಂದು ಲೆಕ್ಕ ಮಾಡಿಕೊಂಡೆ. ಸೊನ್ನೆ ಅಂದರೆ ಬಾಣಲೆಯ ತಳ, ಒಂದು ಬೆಲ್ಲ, ಎರಡು ಕುಂಕುಮ, ಮೂರು ಕನಕಾಂಬರ, ನಾಲ್ಕು ಅರಿಶಿನ, ಐದು ಹಿಪ್ಪುನೇರಳೆ ಸೊಪ್ಪು, ಆರು ಬಟ್ಟೆಗೆ ಹಾಕುವ ನೀಲಿ, ಏಳು ನೇರಳೆಹಣ್ಣು, ಎಂಟು ಒಲೆಯ ಬೂದಿ, ಒಂಬತ್ತು ಸುಣ್ಣ. ಬೆಸುಗೆಯೂ ಬಂತು. ಮೊದಮೊದಲು ನಾನು ಹಾಕಿದ್ದು ಕಾಗೆ ಹಿಕ್ಕೆಯ ಹಾಗೆ ಬೀಳುತ್ತಿತ್ತು, ಆಮೇಲೆ ಮೂಗುಬಟ್ಟಿನ ಹಾಗೆ ದುಂಡಗೆ ಕೂರತೊಡಗಿತು. ನನ್ನ ಮೈಯಿಂದ ರಾಳದ ವಾಸನೆ ಬರುತ್ತಿದ್ದುದರಿಂದ ತೊಟ್ಟಿಯಲ್ಲಿ ಕೈಕಾಲು ಮುಖ ತೊಳೆದು ಮನೆಗೆ ಹೋಗುತ್ತಿದ್ದೆ. ಸೊಸೆ ಎಷ್ಟು ಶುದ್ಧ ಅಂತ ಅತ್ತೆ ಬೀದಿಯಲ್ಲಿ ಹೊಗಳಿದರು.

ಹನ್ನೊಂದನೇ ದಿನ ಸಂಜೆ ಜಗಲಿಗೆ ತಂದಿಟ್ಟೆವು. ಸ್ಪೀಕರನ್ನು ಹಳೆಯ ನೀರಿನ ಹರವಿಯ ಬಾಯಿಗೆ ಕಟ್ಟಿದ್ದೆವು, ಮಣ್ಣಿನ ಪಾತ್ರೆಯಲ್ಲಿ ದನಿ ತುಂಬಿ ಬರುತ್ತದೆಂದು. ರೇಡಿಯೊದಿಂದ ಒಂದು ವೈರು, ಹರವಿಗೆ ಇನ್ನೊಂದು. ಸ್ವಿಚ್ಚು ಹಾಕುವ ಮುಂಚೆ ಅವರು ನನ್ನ ಕಡೆ ನೋಡಿದರು. ಅತ್ತೆ ಬಾವಿಯ ಕಡೆ ನೋಡಿದರು.

ಹರವಿ ಕೆಮ್ಮಿತು. ಆಮೇಲೆ ಅದರೊಳಗಿಂದ ಒಬ್ಬ ಗಂಡಸು ನಾಳೆಯ ಹವಾಮಾನ ಹೇಳತೊಡಗಿದ. ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು.

ಮಾವನವರು "ಏಮಂಟಾಡು" ಅನ್ನಲು ಬಾಯಿ ತೆರೆದವರು ಹಾಗೇ ಉಳಿದರು. ಅವರ ಕಣ್ಣು ಅರಳಿತು. ಹರವಿಯ ಪಕ್ಕಕ್ಕೆ ಸರಿದು ಅದರ ಬೆನ್ನ ಮೇಲೆ ಕೈಯಿಟ್ಟು, ಮೈ ಹುಷಾರಿಲ್ಲದ ಕರುವನ್ನು ಸವರುವಂತೆ ಸವರುತ್ತ ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ ಹೆಂಡತಿಯ ಕಡೆ ತಿರುಗಿದರು.

"ಅಲ್ಲ ಕಣೇ, ಇವತ್ತು ಇವ್ನು ಹಂಚಿನ ವಿಷಯ ಎತ್ಲೇ ಇಲ್ವಲ್ಲ?"

ಅತ್ತೆ ಸೊಪ್ಪು ಹೆಚ್ಚುವುದನ್ನು ನಿಲ್ಲಿಸದೆ ಅಂದರು: "ಅವ್ನಿಗೂ ಹೇಳಿ ಹೇಳಿ ಸಾಕಾಗಿರ್ತದೆ."

ಮಾರನೆಯ ದಿನ ಮಾವನವರೇ ಹಂಚು ತಂದು ಹಾಕಿಸಿದರು.

ಆ ಬೆಳೆಯ ಹುಳ ಹಣ್ಣಾದಾಗ ನಾನು ಇವರ ಪಕ್ಕದಲ್ಲೇ ಕೂತೆ. ಹಣ್ಣು ಹುಳಗಳನ್ನು ಆರಿಸಿ ಮೆಲ್ಲಗೆ ಇವರ ಕಡೆ ಸರಿಸುತ್ತಿದ್ದೆ, ಇವರು ಎತ್ತಿ ಚಂದ್ರಿಕೆಗೆ ಬಿಡುತ್ತಿದ್ದರು. ಒಂದೂ ಕಾಯಿ ಹುಳ ಇಲ್ಲ. ಅತ್ತೆ ನಿಂತು ನೋಡಿ, ಬಂದವರಿಗೆಲ್ಲ ಹೇಳಿದರು: "ಮದ್ವೆ ಮಾಡಿದ್ಮೇಲೆ ನಮ್ಮ ಹುಡ್ಗನಿಗೆ ಕಣ್ಣು ಬಂತು." ನಾನು ಹುಳ ನೋಡುತ್ತಿದ್ದೆ, ಇವರು ಸೂರು ನೋಡುತ್ತಿದ್ದರು. ಅತ್ತೆ ಹೋಗಿ ಇಪ್ಪತ್ತು ವರ್ಷವಾಯಿತು. ಕೊನೆಯವರೆಗೂ ಅವರಿಗೆ ಗೊತ್ತಾಗಲಿಲ್ಲ.

ಈಗ ಹೇಳಿ, ಇಷ್ಟೆಲ್ಲ ಮಾಡಿದವಳಿಗೆ ಜಂಬ ಇರಬಾರದೆ? ಈ ಸಲ ಕಿಟ್ಟು ಎತ್ತಿಕೊಂಡು ಅದೇ ಪಂಪ್‌ಸೆಟ್ಟಿನ ಮನೆಗೆ ಹೋದೆವು. "ನೀವು ಅಂಕಿ ಓದಿ, ಬಣ್ಣ ನನಗೆ ಬಿಡಿ" ಅಂತ ಮೊದಲೇ ಹೇಳಿದೆ. ಈಗಿನ ರೆಸಿಸ್ಟರುಗಳ ಮೈಯೇ ನೀಲಿ, ಪಟ್ಟೆಗಳು ಕೂದಲಿನಷ್ಟು ಸಣ್ಣ. ಆದರೂ ಒಂದೊಂದೇ ಹಿಡಿದು, ಕುಂಕುಮ, ಬೆಲ್ಲ, ಕನಕಾಂಬರ ಅಂತ ಠೀವಿಯಿಂದ ಹೇಳಿ ಬೆಸುಗೆ ಹಾಕಿದೆ. ಸ್ವಿಚ್ಚು ಹಾಕಿದರೆ ಗುಂಯ್ ಅಂದು ಸುಮ್ಮನಾಯಿತು.

"ಕಿಟ್ಟೇ ಸರಿಯಿಲ್ಲ" ಅಂದೆ. ಕರೆಂಟನ್ನು ಬೈದೆ. ತಂದುಕೊಟ್ಟ ಹುಡುಗ ಡಬ್ಬಿಯನ್ನು ಎತ್ತಿ ಹಾಕಿರಬೇಕು ಅಂದೆ. ಅವರು ಏನೂ ಕೇಳಿಸದವರ ಹಾಗೆ ಜೇಬಿನಿಂದ ಅಂಕಿ ತೋರಿಸುವ ಪುಟ್ಟ ಮೀಟರು ತೆಗೆದರು. ನಮ್ಮ ಕಾಲದಲ್ಲಿ ಅದು ಕೈಗೆಟುಕುತ್ತಿರಲಿಲ್ಲ, ಈಗ ಚಿಕ್ಕಬಳ್ಳಾಪುರದ ಅಂಗಡಿಯಲ್ಲೇ ಸಿಗುತ್ತದೆ. ಒಂದೊಂದರದೂ ಒಂದು ಕಾಲು ಬಿಚ್ಚಿ ಅಳೆಯುತ್ತ ಹೋದರು. ಒಂದರ ಹತ್ತಿರ ನಿಂತರು.

"ಇದ್ಯಾವ ಬಣ್ಣ ಹೇಳು."

"ಕುಂಕುಮ."

"ಮೀಟರು ಕನಕಾಂಬರ ಅಂತದೆ."

ಬಿಸಿಲಿಗೆ ಹಿಡಿದು ನೋಡಿದೆ. ಕಣ್ಣು ಕಿರಿದು ಮಾಡಿ ನೋಡಿದೆ. ಇನ್ನೂ ಗಮನ ಇಟ್ಟು ನೋಡಿದರೆ ಕಾಣುತ್ತದೇನೋ ಅಂತ ನೋಡಿದೆ.

ನಿಮಗೂ ಹೇಳದೆ ಮುಚ್ಚಿಟ್ಟಿದ್ದ ಮಾತೊಂದಿದೆ. ಕಣ್ಣಿನ ಡಾಕ್ಟರು ಎರಡು ಕಣ್ಣಿಗೂ ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಅಂದು ಆರು ತಿಂಗಳಾಯಿತು. ಹೆದರಿ, ಕನ್ನಡಕ ಬದಲಾಯಿಸಲು ಹೇಳಿದರು ಅಂತ ಮನೆಯಲ್ಲಿ ಸುಳ್ಳು ಹೇಳಿದ್ದೆ. ಈಚೆಗೆ ಹೂ ಕಟ್ಟುವಾಗ ಬಣ್ಣ ತಪ್ಪುತ್ತಿದ್ದದ್ದು, ಅಕ್ಷರ ಅವರೆಕಾಳಾದದ್ದು, ಎಲ್ಲ ಅದಕ್ಕೇ. ಪಂಪ್‌ಸೆಟ್ಟಿನ ಮನೆಯಲ್ಲಿ ಆ ದಿನ ಎಲ್ಲವನ್ನೂ ಹೇಳಿಬಿಟ್ಟೆ, ಅದೂ ಅವರ ಕಿವಿಗೆ ಬೀಳುವಷ್ಟು ಜೋರಾಗಿ. ಪಕ್ಕದ ಹೊಲದವರಿಗೂ ಕೇಳಿಸಿರಬೇಕು.

ಅವರು ಬೈಯಲಿಲ್ಲ. ತಪ್ಪಿದ ಎರಡನ್ನು ಬಿಡಿಸಿ, ಮೀಟರು ನೋಡಿ ಸರಿಯಾದವನ್ನು ನನ್ನ ಕೈಗೆ ಕೊಟ್ಟರು. ನಾನು ಬೆಸುಗೆ ಹಾಕಿದೆ. ಅದಕ್ಕೆ ಕಣ್ಣಿಗಿಂತ ಕೈ ಸಾಕು. ಈ ಸಲ ಸ್ವಿಚ್ಚು ಹಾಕಿದಾಗ ರೇಡಿಯೊದ ಹೆಂಗಸು ಎಷ್ಟು ಜೋರಾಗಿ ಮಾತಾಡಿದಳೆಂದರೆ ತೊಟ್ಟಿಯ ಮೇಲೆ ಕೂತಿದ್ದ ಕಾಗೆ ಹಾರಿತು. ಅವರ ಮುಖದಲ್ಲಿ ಮಾವನವರ ಅದೇ ಅರಳಿದ ಕಣ್ಣು.

"ಸೋಮವಾರ ಆಸ್ಪತ್ರೆಗೆ ಹೋಗಣ" ಅಂದರು.

"ಹೋಗಣ. ಆದ್ರೆ ಮಗ ಸೊಸೆಗೆ ಈಗ್ಲೇ ಹೇಳ್ಬೇಡಿ, ಸುಳ್ಳು ಹೇಳಿದ್ದಕ್ಕೆ ಬೈತಾರೆ" ಅಂದೆ.

ಅವರು ವೈರು ಸುತ್ತುತ್ತ ಸುತ್ತುತ್ತ ಅಂದರು: "ಅವ್ರಿಗೆ ಹೇಳೇ ಹೇಳ್ತೀನಿ. ಅಮ್ಮಂಗೆ ಮಾತ್ರ ಹೇಳಲ್ಲ ಬಿಡೇ."