ಗೋಡೆಗೆ ಗೇಣು ದೂರ

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಾಳಿ ನನಗಿದೆ, ನೀವೂ ಕೇಳಿರಲಿಲ್ಲ. ಆದರೆ ಒಂದು ಪ್ರೊಜೆಕ್ಟರ್ ಕೊಳ್ಳುವುದಕ್ಕೆ ಓದಿದಷ್ಟು ಶ್ರದ್ಧೆಯಿಂದ ಡಿಗ್ರಿಗೆ ಓದಿದ್ದರೆ ರ‍್ಯಾಂಕೇ ಬರುತ್ತಿತ್ತೇನೋ.

ಆಸೆ ಹುಟ್ಟಿದ್ದು ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲೇ ಇರುವ ಸಹೋದ್ಯೋಗಿಯ ಮನೆಯಲ್ಲಿ. ಕ್ರಿಕೆಟ್ ನೋಡಲು ಕರೆದಿದ್ದರು, ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅವರ ಪ್ರೊಜೆಕ್ಟರ್ ಸೋಫಾದ ಹಿಂದಿನಿಂದ ಬೆಳಕು ಬಿಡುತ್ತಿತ್ತು. ಅವ್ವ ನೀರು ಕುಡಿಯಲು ಎದ್ದಳು. ಗೋಡೆ ತುಂಬ ಅವಳ ತುರುಬು! "ಅಜ್ಜೀ, ಬಗ್ಗಿ, ಬಗ್ಗಿ" ಎಂದರು ಯಾರೋ. ಅವ್ವ ಸೆರಗು ಬಿಗಿಹಿಡಿದು, ನಡು ಬಗ್ಗಿಸಿ ದಾಟಿದವಳು ಆಟ ಮುಗಿಯುವ ತನಕ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. ಹುಲಿಯೂರುದುರ್ಗದ ಪಕ್ಕದ ನಮ್ಮ ಹೊಲದಲ್ಲಿ ಬಗ್ಗಿ ರಾಗಿ ಕೊಯ್ದು ನನ್ನನ್ನು ಓದಿಸಿದವಳು. ಇನ್ನು ಕ್ರಿಕೆಟ್ಟಿಗೂ ಬಗ್ಗಬೇಕೆ? ನಮ್ಮ ಹಾಲ್‌ನಲ್ಲಿ ಅವ್ವ ಬಗ್ಗಕೂಡದು ಎಂದು ಅಲ್ಲೇ ತೀರ್ಮಾನಿಸಿದೆ.

ಹುಡುಕಿದಾಗ ಸಿಕ್ಕಿದ್ದು 'ಅಲ್ಟ್ರಾ ಶಾರ್ಟ್ ಥ್ರೋ'. ಗೋಡೆಯ ಬುಡದಲ್ಲೇ ಕೂತು ಮೇಲಕ್ಕೆ ಚಿತ್ರ ಬಿಡುವ ಪೆಟ್ಟಿಗೆ. ಮುಂದೆ ಯಾರು ಓಡಾಡಿದರೂ ನೆರಳಿಲ್ಲ. ಅವ್ವನಿಗೆ ವಿವರಿಸಿದೆ: "ಥ್ರೋ ಅಂದ್ರೆ ಎಸ್ಯೋದು ಕಣವ್ವ."

"ಅಷ್ಟು ದುಡ್ ಕೊಟ್ಟು ತಂದು ಎಸ್ಯೋದ್ಯಾಕ್ಲಾ?"

ಅಂಗಡಿಯವನು ಲ್ಯೂಮೆನ್ಸು, ಲೇಸರ್ರು, ಕಾಂಟ್ರಾಸ್ಟು ಎಂದು ಶುರುಮಾಡಿದ. ನನಗೆ ಬೇಕಿದ್ದುದು ಒಂದೇ ಉತ್ತರ. ತುರುಬಿನ ಲೆಕ್ಕಕ್ಕಿರಲಿ ಎಂದು ಹೆಲ್ಮೆಟ್ ಹಾಕಿಕೊಂಡು ಗೋಡೆಯ ಮುಂದೆ ಅತ್ತಿತ್ತ ನಡೆದೆ. ನೆರಳು ಬೀಳಲಿಲ್ಲ. "ಸಾರ್ ಏನ್ ಕೆಲ್ಸ ಮಾಡ್ತೀರಾ?" ಎಂದ. "ಲೆಕ್ಚರರ್" ಎಂದೆ. ಅವನು ಬಿಲ್ ಪುಸ್ತಕ ತೆಗೆದ.

ಮನೆಗೆ ತಂದ ಮೇಲೆ ತಿಳಿಯಿತು, ಇದು ಗೋಡೆಯ ಬಂಡವಾಳವನ್ನೆಲ್ಲ ಬಯಲು ಮಾಡುವ ಯಂತ್ರ. ಗಾರೆಯ ಒಂದೊಂದು ಉಬ್ಬಿಗೂ ವಾರ್ತೆ ಓದುವಾಕೆಯ ಕೆನ್ನೆ ಊದಿಕೊಳ್ಳುತ್ತಿತ್ತು. ಪುಟ್ಟಿ ಹಚ್ಚಿಸಿ, ಉಜ್ಜಿಸಿ, ಪೆಟ್ಟಿಗೆಯನ್ನು ಗೋಡೆಗೆ ಒಂದು ಗೇಣು ದೂರದಲ್ಲಿ ಕೂರಿಸಿದಾಗ ಚಿತ್ರ ನೆಟ್ಟಗಾಯಿತು.

ಮುಂದಿನ ಮ್ಯಾಚಿಗೆ ಗುಬ್ಬಿಯಿಂದ ಸೋದರಮಾವ ಬಂದ. ಆಟ ಬಿಸಿಯೇರಿದಾಗ ಅವ್ವ ಚಕ್ಕುಲಿ ತಟ್ಟೆ ಹಿಡಿದು ಎದ್ದಳು, ಎದ್ದವಳೇ ಬಗ್ಗಿದಳು.

"ಅವ್ವ, ನೆಟ್ಟಗೆ ನಡಿ. ನೆರಳು ಬೀಳಲ್ಲ."

ಅರ್ಧ ನಂಬಿ ಮೆಲ್ಲಗೆ ಮೇಲೆದ್ದಳು. ಗೋಡೆ ನೋಡಿದಳು. ಕೈಯಾಡಿಸಿದಳು. ನೆರಳಿಲ್ಲ. ಚಿತ್ರದ ನಟ್ಟನಡುವೆ ನಿಂತುಬಿಟ್ಟಳು.

"ಅಕ್ಕಯ್ಯ, ಏನೂ ಕಾಣಾಕಿಲ್ಲ! ಸರಿ ಅತ್ಲಾಗೆ!" ಮಾವ ಕೂಗಿದ.

ನೆರಳು ಬೀಳುವುದಿಲ್ಲ, ನಿಜ. ಆದರೆ ಅವ್ವ ಗಾಜಿನವಳಲ್ಲ. ನಾನು ಓದಿದ ಯಾವ ವಿಮರ್ಶೆಯೂ ಈ ಮಾತು ಹೇಳಿರಲಿಲ್ಲ. ಡಿಗ್ರಿ ಮಾಡಿದ ತಲೆಗೂ ಹೊಳೆದಿರಲಿಲ್ಲ.

"ನೆರಳೇ ಬೀಳಾಕಿಲ್ಲ ಅಂತವ್ನೆ ನನ್ ಮಗ, ನಿಂದೇನ್ಲಾ ಗಲಾಟೆ? ನನ್ ಮಗನ ಮನೆ, ನಿಂತ್ಕೋತೀನಿ ಬುಡು" ಎಂದಳು ಅವ್ವ.

ಆ ಓವರಿನಲ್ಲಿ ಯಾರೋ ಔಟಾದರಂತೆ. ಮಾವ ಈಗಲೂ ಅದನ್ನೇ ಹೇಳಿ ಬೈಯುತ್ತಾನೆ. ನಾನೂ ನೋಡಲಿಲ್ಲ. ಅವ್ವ ನೆಟ್ಟಗೆ ನಿಂತರೆ ಅಷ್ಟು ಎತ್ತರ ಇದ್ದಾಳೆಂದು ನನಗೆ ಗೊತ್ತಾದದ್ದೇ ಆವತ್ತು.