ಹಾಲಮ್ಮ ಹೇಳದ ಮಾತು

2023ರಲ್ಲಿ ನಾನು ಚನ್ನಗಿರಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರ ಪ್ರಚಾರ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನೊಬ್ಬನೇ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಹೊನ್ನಾಳಿ, ನ್ಯಾಮತಿ ಭಾಗದಲ್ಲಿ ಪತ್ರಿಕಾ ವರದಿಗಾರನಾಗಿದ್ದೆ. ಕಂಪನಿ ಕಟ್ಟಿದ ಜಗಳೂರಿನ ತಿಪ್ಪೇಶ್ ನಮ್ಮ ಪತ್ರಿಕೆಯಲ್ಲೇ ಒಂಬತ್ತು ವರ್ಷ ಪುಟವಿನ್ಯಾಸ ಮಾಡಿದವನು. ನನ್ನನ್ನು ಅಣ್ಣ ಎನ್ನುತ್ತಿದ್ದ.

ನಮ್ಮ ಕಡೆ ಅಡಿಕೆ ಫಸಲನ್ನು ಮರದಲ್ಲಿರುವಾಗಲೇ ದರ ಮಾತಾಡಿ ವಹಿಸಿಕೊಳ್ಳುವ ಪದ್ಧತಿಗೆ ಚೇಣಿ ಎನ್ನುತ್ತಾರೆ. ಚೇಣಿದಾರರೇ ಆಳುಗಳನ್ನು ಕರೆತಂದು ಕೊಯ್ಯುತ್ತಾರೆ, ತೋಟದಲ್ಲೇ ಹಸಿ ಅಡಿಕೆ ತೂಗಿ ಒಯ್ಯುತ್ತಾರೆ. ಎಷ್ಟೋ ಕಡೆ ಕಾಗದಪತ್ರ ಇರುವುದಿಲ್ಲ, ಬಾಯಿಮಾತೇ ವರ್ಷದಿಂದ ವರ್ಷಕ್ಕೆ ನಡೆದುಬರುತ್ತದೆ. ಜಗಳ ಹುಟ್ಟುವುದು ತೂಕದ ಹತ್ತಿರ. ತಿಪ್ಪೇಶನ ಆ್ಯಪ್ ತಕ್ಕಡಿಯ ಅಂಕಿಯನ್ನು ಅದೇ ಕ್ಷಣದಲ್ಲಿ ತೋಟದವರ ಫೋನಿಗೂ ಚೇಣಿದಾರರ ಫೋನಿಗೂ ಕಳಿಸುತ್ತಿತ್ತು. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು.

ಆ ಅಕ್ಟೋಬರ್‌ನಲ್ಲಿ ಹೊನ್ನಾಳಿಯಲ್ಲಿ ಮೂರು ದಿನದ ಕೃಷಿ ಯಂತ್ರೋಪಕರಣ ಮೇಳವಿತ್ತು. ಕಂಪನಿಗೆ ಬಂಡವಾಳ ಹೂಡುವ ಮಾತಾಡುತ್ತಿದ್ದ ಮೂವರು ಬೆಂಗಳೂರಿನಿಂದ ಅಲ್ಲಿಗೇ ಬರುವುದೆಂದಾಯಿತು. ಆ್ಯಪ್ ಅವರಿಗೆ ಒಪ್ಪಿಗೆಯಾಗಿತ್ತು. ಅದನ್ನು ಜನರಿಗೆ ಮಾರಲು ನಮಗೆ ಬರುತ್ತದೆಯೇ ಎಂಬುದನ್ನು ಮಾತ್ರ ನೋಡಬೇಕಿತ್ತು.

ಮಳಿಗೆಗೆ ಒಂದೇ ಬ್ಯಾನರ್ ಸಾಕು, ಬಳಸಿದವರ ಒಂದೇ ಮಾತು ಸಾಕು ಎಂದು ನಾನು ತೀರ್ಮಾನಿಸಿದೆ. ನಲ್ಲೂರಿನ ಹಾಲಮ್ಮನವರ ತೋಟಕ್ಕೆ ಹೋದೆ. ಅವರು ಹೇಳಿದ್ದು ಇಷ್ಟು: “ತೂಕ ಇಬ್ರಿಗೂ ಒಂದೇ ಸಲ ಕಾಣ್ತೈತೆ. ಮಾತಿಗೆ ಮಾತು ಬೆಳೆಯಾಕೆ ಜಾಗ ಇಲ್ಲ.” ಪತ್ರಿಕೆಯ ಅಭ್ಯಾಸದಂತೆ ಬರೆದುಕೊಂಡು ಓದಿ ಹೇಳಿದೆ. ಹೂಂ ಅಂದರು. ತಕ್ಕಡಿಯ ಪಕ್ಕ ಅವರು, ಹಿಂದೆ ಫೋನ್ ಹಿಡಿದ ಅವರ ಚೇಣಿದಾರ, ಕೆರೆಬಿಳಚಿಯ ಇಸ್ಮಾಯಿಲ್ ಸಾಬರು. ಹಾಗೆ ಫೋಟೊ ತೆಗೆದೆ. ಹಾಲಮ್ಮನವರ ಯಜಮಾನರಿದ್ದ ಕಾಲದಿಂದ ಆ ತೋಟ ಸಾಬರದೇ ಚೇಣಿ.

“ಮೇಳಕ್ಕೆ ಬನ್ನಿ ಸಾಬ್ರೆ, ನಿಮ್ಮ ಫೋಟೊ ಆಳೆತ್ತರ ಇರುತ್ತೆ” ಎಂದೆ.

“ನನ್ನ ಮುಖ ನೋಡಿ ಗಿರಾಕಿ ಓಡಿಹೋದ್ರೆ ನನ್ನ ಮ್ಯಾಲೆ ಹಾಕಬ್ಯಾಡ್ರಿ ಸಾರ್” ಎಂದು ನಕ್ಕರು.

ಫೋಟೊ, ಮಾತು ಎರಡನ್ನೂ ತಿಪ್ಪೇಶನಿಗೆ ಕಳಿಸಿದೆ. ಪ್ರಿಂಟಿಂಗ್ ಅವನೇ ಮಾಡಿಸಿದ.

ಮೇಳದ ಮೊದಲ ದಿನ ಹೂಡಿಕೆದಾರರನ್ನು ಬಾಗಿಲಲ್ಲಿ ಎದುರುಗೊಂಡು ಮಳಿಗೆಗೆ ಕರೆತಂದೆ. ಬ್ಯಾನರನ್ನು ನಾನು ಕಂಡದ್ದೂ ಅವರ ಜೊತೆಯಲ್ಲೇ. ಫೋಟೊ ನಾನು ತೆಗೆದದ್ದೇ. ಕೆಳಗೆ ಉದ್ಧರಣ ಚಿಹ್ನೆಯೊಳಗೆ ಹೀಗಿತ್ತು: “ಚೇಣಿದಾರರ ಮೋಸದಿಂದ ಈ ಆ್ಯಪ್ ನನ್ನನ್ನು ಉಳಿಸಿತು. ಹಾಲಮ್ಮ, ನಲ್ಲೂರು.”

ಮೂವರಲ್ಲಿ ಹಿರಿಯರಾಗಿದ್ದ ಮಹಿಳೆ ಅದನ್ನು ಓದಿ ತಲೆದೂಗಿದರು. “ಇಷ್ಟು ದಿನ ನೀವು ತೂಕ ಮಾರ್ತಿದ್ರಿ. ಈಗ ಭಯ ಮಾರೋದು ಕಲಿತಿದ್ದೀರಿ. ಇದು ಮಾರ್ಕೆಟಿಂಗ್.”

“ನಮ್ಮ ಅಣ್ಣ ಬರೆಸಿದ್ದು ಮೇಡಂ” ಎಂದು ತಿಪ್ಪೇಶ್ ನನ್ನ ಹೆಗಲ ಮೇಲೆ ಕೈಯಿಟ್ಟ.

ನಾನು ಬಾಯಿ ಬಿಡಲಿಲ್ಲ. ಅವರ ಹೊಗಳಿಕೆ ಕೆಡಬಾರದು ಎಂದು ನನಗೂ ಅನ್ನಿಸಿತ್ತು. ಇದನ್ನು ಇಲ್ಲಿ ದಾಖಲಿಸಲೇಬೇಕು.

ಸ್ವಲ್ಪ ಹೊತ್ತಿಗೆ ಇಸ್ಮಾಯಿಲ್ ಸಾಬರು ಇಬ್ಬರು ಗೆಳೆಯರಿಗೆ ತಮ್ಮ ಫೋಟೊ ತೋರಿಸಲು ಬಂದರು. ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇದನ್ನ ಹಾಲಕ್ಕ ಅಂದ್ಲಾ?”

“ಇಲ್ಲ. ಅವರು ಹೇಳಿದ್ದು ಬೇರೆ. ನನ್ನ ನೋಟ್‌ಬುಕ್ಕಿನಲ್ಲಿದೆ” ಎಂದೆ, ಎಲ್ಲರಿಗೂ ಕೇಳುವಂತೆ.

“ನಿಮ್ಮ ನೋಟ್‌ಬುಕ್ ಯಾರು ಓದ್ತಾರೆ ಸಾರ್? ಇದನ್ನ ಹೊನ್ನಾಳಿಗೆ ಹೊನ್ನಾಳಿನೇ ಓದ್ತೈತೆ.”

ಗೆಳೆಯರ ಮುಖ ನೋಡದೆ ಹೊರಟುಹೋದರು.

ಹೂಡಿಕೆದಾರ ಮಹಿಳೆ ತಿಪ್ಪೇಶನನ್ನು ಒಂದೇ ಪ್ರಶ್ನೆ ಕೇಳಿದರು: “ಕೇಸ್ ಏನಾದ್ರೂ ಆಗುತ್ತಾ?”

“ಇಲ್ಲ ಮೇಡಂ, ಗೊತ್ತಿರೋ ಜನ.”

ಅವರು ಸರಿ ಎಂದರು. ಬಂಡವಾಳ ಬಂತು.

ಅವರು ಹೋದ ಮೇಲೆ ತಿಪ್ಪೇಶ್ ನನ್ನನ್ನು ಸಮಾಧಾನ ಮಾಡಲು ನೋಡಿದ. “ಒಂದು ಸಾಲು ಅಣ್ಣ. ಪೇಪರ್‌ನಾಗೆ ನೀವು ಎಷ್ಟು ತಿದ್ದಿಲ್ಲ?”

ತಿದ್ದಿದ್ದೇವೆ. ಉದ್ಧರಣ ಚಿಹ್ನೆಯೊಳಗೆ ಎಂದೂ ಕೈ ಹಾಕಿಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನು ಮಾಡಿದ್ದರೆ ನಾನು ತಪ್ಪು ಎನ್ನುತ್ತಿದ್ದೆ, ಇವನು ಮಾಡಿದ್ದು ಸುಳ್ಳು. ಅಂದೇ ರಾಜೀನಾಮೆ ಬರೆದುಕೊಟ್ಟೆ.

ಮರುದಿನ ನಲ್ಲೂರಿಗೆ ಹೋಗಿ ಹಾಲಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು ಎದ್ದರು. “ನಡಿ, ಕೆರೆಬಿಳಚಿಗೆ ಹೋಗಾನ.”

ಸಾಬರು ಇಬ್ಬರಿಗೂ ಚಹಾ ಕೊಡಿಸಿದರು.

“ನಾನು ಅಂಗನ್ನೋಳಾ ಸಾಬಣ್ಣ?” ಎಂದು ಹಾಲಮ್ಮ ಕೇಳಿದರು.

“ನೀನು ಅಂದಿಲ್ಲ ಅಂತ ನಂಗೊತ್ತು ಅಕ್ಕ. ಜನಕ್ಕೆ ಗೊತ್ತಿಲ್ಲ. ಈ ವರ್ಷದ ಕೊಯ್ಲು ಮುಗಿಸಿಕೊಡ್ತೀನಿ, ಮಾತು ಕೊಟ್ಟೀನಿ. ಮುಂದಿನ ವರ್ಷ ಬ್ಯಾರೆಯೋರ್ನ ನೋಡ್ಕೋ. ನಾನು ತೂಗಾಕೆ ನಿಂತಾಗ ಜನ ತಕ್ಕಡಿ ಬಿಟ್ಟು ನನ್ನ ಕೈ ನೋಡಬಾರ್ದು.”

ಹಾಲಮ್ಮ ಅವರನ್ನು ಒತ್ತಾಯಿಸಲಿಲ್ಲ. ನಲ್ಲೂರಿನಲ್ಲಿ ಬೈಕಿನಿಂದ ಇಳಿದ ಮೇಲೆ, “ನೋಟ್‌ಬುಕ್ಕಿಂದು ಓದಿ ಹೇಳಿದೆಲ್ಲ ತಮ್ಮಾ, ಅಚ್ಚಾಗಿದ್ದನ್ನ ಯಾಕೆ ಓದಿ ಹೇಳ್ಲಿಲ್ಲ?” ಎಂದರು.

ಪತ್ರಿಕೆಯಲ್ಲಿದ್ದಾಗ ಕೊನೆಯ ಪ್ರೂಫ್ ನೋಡದೆ ನಾನು ಕಚೇರಿ ಬಿಟ್ಟವನಲ್ಲ. ತಪ್ಪಾದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕುತ್ತಿದ್ದೆವು. ಬ್ಯಾನರಿಗೆ ಮರುದಿನದ ಪುಟವಿಲ್ಲ. ಒಬ್ಬರ ಮಾತನ್ನು ಬರೆದುಕೊಂಡವನ ಹೊಣೆ ಅವರು ಹೂಂ ಅಂದಲ್ಲಿಗೆ ಮುಗಿಯುವುದಿಲ್ಲ, ಅದು ಜನರ ಕಣ್ಣಿಗೆ ಬೀಳುವ ತನಕ ಅವನು ಅದರ ಜೊತೆಗಿರಬೇಕು. ಇದನ್ನು ನಾನು ಕಲಿತದ್ದಕ್ಕೆ ಬೆಲೆ ತೆತ್ತವರು ಬೇರೆಯವರು. ಮರುವರ್ಷ ಹಾಲಮ್ಮನವರ ತೋಟಕ್ಕೆ ಹೊಸ ಚೇಣಿದಾರರು ಬಂದರು. ಹಾಲಮ್ಮ ಅವರನ್ನು ನಂಬುವುದಿಲ್ಲ. ಪ್ರತಿ ಕೊಯ್ಲಿಗೂ ತಕ್ಕಡಿಯ ಪಕ್ಕ ತಾವೇ ನಿಲ್ಲುತ್ತಾರೆ.